ಊರಿನ ಹಳೇ ಕುಸ್ತಿ ಗರಡಿ ಮನೆ ಮತ್ತೆ ಶುರು ಮಾಡಬೇಕು. ಹೊಸ ಕಟ್ಟಡಕ್ಕೆ ಅನುದಾನ ಎಲ್ಲಿ ಸಿಗುತ್ತೆ? ಮಣ್ಣು ತೆಗೆಸಿ ಮ್ಯಾಟ್ ಹಾಕಿಸಿದರೆ ಹೇಗೆ?

ಚಾವಣಿ ಸೋರುತ್ತಿದೆ, ಗೋಡೆ ಬಿರುಕು ಬಿಟ್ಟಿದೆ, ಹುಡುಗರು ಬರುತ್ತಿಲ್ಲ ಅಂತ ಬರೆದಿದ್ದೀರಿ. ಕಟ್ಟಡ ಹೊಸದಾದರೆ ಎಲ್ಲ ಸರಿಹೋಗುತ್ತೆ ಅನ್ನೋದು ನಿಮ್ಮ ಲೆಕ್ಕ, ಅಲ್ವಾ? ನಮ್ಮ ಲೆಕ್ಕವೂ ಇದೇ ಆಗಿತ್ತು. ಅನುದಾನದ ಮಾತು ಆಮೇಲೆ. ಮೊದಲು ಇಷ್ಟು ಮಾಡಿ, ಒಳಗೆ ಕುಸ್ತಿ ಹಿಡಿಯುವ ಹಳೇ ಮಣ್ಣನ್ನು ಯಾರೂ ಮುಟ್ಟದ ಹಾಗೆ ನೋಡಿಕೊಳ್ಳಿ.

ನಮ್ಮದು ಮೈಸೂರು ಪಕ್ಕದ ಊರು. ತಾತ, ಅಪ್ಪ ಇಬ್ಬರೂ ಅಲ್ಲಿನ ಗರಡಿಯಲ್ಲಿ ಸಾಮು ಮಾಡಿದವರು. ತಲೆ ಬಗ್ಗಿಸದೆ ಒಳಗೆ ಹೋಗಲಾಗದ ಗಿಡ್ಡ ಬಾಗಿಲು. ನಡುವೆ ಮಟ್ಟಿ, ಅಂದ್ರೆ ಕುಸ್ತಿ ಹಿಡಿಯುವ ಮಣ್ಣಿನ ಅಂಕಣ. ಮೂಲೆಯಲ್ಲಿ ಗರಡಿಯ ದೇವತೆ ನಿಂಬುಜಾದೇವಿಯ ಹೆಸರಿನ ಮಣ್ಣಿನ ಗುಡ್ಡೆ, ಅದರ ಮೇಲೆ ನಿಂಬೆಹಣ್ಣು. ಗೋಡೆಗೆ ಒರಗಿಸಿದ ಗದೆ, ಪಕ್ಕದಲ್ಲಿ ಕಲ್ಲುಗುಂಡು. ನಾನು ಪಿಯುಸಿ ಮುಗಿಸುವ ಹೊತ್ತಿಗೆ ಅಲ್ಲಿ ದೀಪ ಹಚ್ಚುವವರು ಕುಸ್ತಿ ಕಲಿಸುವ ಉಸ್ತಾದರೊಬ್ಬರೇ. ಹುಡುಗರಲ್ಲಿ ಅರ್ಧ ಜನ ಫ್ಯಾಕ್ಟರಿ ಶಿಫ್ಟಿಗೆ ಹೋದರು, ಉಳಿದವರು ಜಿಮ್ಮಿಗೆ ಸೇರಿದರು.

ಕೈಗೆ ನಾಲ್ಕು ಕಾಸು ಬಂದ ಮೇಲೆ ನಾವು ಗೆಳೆಯರು ಸಮಿತಿ ಮಾಡಿದೆವು. ಚಂದಾ ಎತ್ತಿದೆವು. ದಸರಾಗೆ ಮುಂಚೆ ಉದ್ಘಾಟನೆ ಆಗಲೇಬೇಕು ಅಂತ ಹಟ. ಹಂಚು ತೆಗೆಸಿ ಶೀಟು, ಗೋಡೆಗೆ ಸಿಮೆಂಟು, ಎತ್ತರದ ಬಾಗಿಲು, ಮುಂದೆ ಕಮಾನು. ಕೆಲಸದ ನಡುವೆ ಮೇಸ್ತ್ರಿ ಕೇಳಿದರು, "ಒಳಗಿನ ಮಣ್ಣು ಏನ್ ಮಾಡೋದು ಸಾರ್? ಕೆಲಸಕ್ಕೆ ಅಡ್ಡ ಬರುತ್ತೆ." ನಾನೇ ಹೇಳಿದೆ, "ಹಳೇದು, ತೆಗೆಸಿಬಿಡಿ. ಹೊಸದು ಹೊಡೆಸೋಣ." ಟ್ರಾಕ್ಟರಿನವನು ಅದನ್ನು ತುಂಬಿಕೊಂಡು ಹೋಗಿ ರಸ್ತೆ ಬದಿಯ ಹಳ್ಳಕ್ಕೆ ಸುರಿದ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಾಕಂದ್ರೆ ಯಾರಿಗೆ ಹೇಳಿದರೂ "ಮಣ್ಣು ತಾನೇ" ಅಂತಾರೆ. ಗರಡಿಗೆ ಕೆಮ್ಮಣ್ಣು ತಂದಾಗ ಮೊದಲು ಜರಡಿ ಹಿಡಿದು ಕಲ್ಲು, ಬೇರು, ಗಾಜಿನ ಚೂರು ತೆಗೀತಾರೆ. ಎಣ್ಣೆ, ಮಜ್ಜಿಗೆ, ಅರಿಶಿನ, ಕುಂಕುಮ, ನಿಂಬೆರಸ ಹಾಕಿ ಕಲಸುತ್ತಾರೆ. ಕೆಲಸ ಅಲ್ಲಿಗೆ ಮುಗಿಯಲ್ಲ, ಅಲ್ಲಿಂದ ಶುರು. ದಿನಾ ಬೆಳಗ್ಗೆ ಯಾರಾದರೂ ಗುದ್ದಲಿ ಹಿಡಿದು ಅಗೆಯಬೇಕು, ಹೆಂಟೆ ಒಡೆಯಬೇಕು, ನೀರು ಚಿಮುಕಿಸಬೇಕು, ಹಲಗೆ ಎಳೆದು ಸಮ ಮಾಡಬೇಕು. ಹೊಸ ಹುಡುಗನಿಗೆ ಮೊದಲ ಪಾಠವೇ ಆ ಅಗೆತ. ಸೊಂಟ, ಭುಜ, ಮುಂಗೈ ಮೊದಲು ಗಟ್ಟಿಯಾಗುವುದು ಅದರಲ್ಲೇ. ವರ್ಷಗಟ್ಟಲೆ ಹೀಗೆ ಆಡಿದ ಮಣ್ಣನ್ನು ಹಿಡಿಯಲ್ಲಿ ಅದುಮಿದರೆ ಉಂಡೆ ಕಟ್ಟುತ್ತೆ, ಬೆರಳಿನಿಂದ ತಟ್ಟಿದರೆ ಪುಡಿಯಾಗಿ ಉದುರುತ್ತೆ. ಬಿದ್ದವನ ಬೆನ್ನಿಗೆ ಏಟು ತಾಗಲ್ಲ. ಎದುರಾಳಿಯ ತೋಳಿಗೆ ಉಜ್ಜಿದರೆ ಬೆವರು ಹೀರಿಕೊಳ್ಳುತ್ತೆ, ಕೈ ಜಾರದೆ ಪಟ್ಟು ಸಿಗುತ್ತೆ. ತಲೆಮಾರುಗಳಿಂದ ಊರಿನವರು ಎಣ್ಣೆ ಹಾಕಿ ಸಾಕಿದ ಆ ಮಣ್ಣನ್ನು ನಾನು ಒಂದು ಮಾತಿನಲ್ಲಿ ಹಳ್ಳಕ್ಕೆ ಹಾಕಿಸಿದೆ.

ಹೊಸದಾಗಿ ತಂದದ್ದು ಬಡಾವಣೆಗೆ ಅಗೆದ ಮಣ್ಣು. ಕೆಂಪಗಿತ್ತು, ಫೋಟೋದಲ್ಲಿ ಚೆನ್ನಾಗಿ ಕಾಣುತ್ತಿತ್ತು. ಒಳಗೆಲ್ಲ ಗರಸು. ಜರಡಿ ಹಿಡಿಯೋಕೆ ಟೈಮ್ ಎಲ್ಲಿ, ಉದ್ಘಾಟನೆ ಹತ್ತಿರ ಬಂದಿತ್ತಲ್ಲ. ಉಸ್ತಾದರಿಗೆ ಶಾಲು ಹೊದಿಸಿ ಹಾರ ಹಾಕಿದೆವು. ಅವರು ಒಂದು ಹಿಡಿ ಮಣ್ಣು ತಗೊಂಡು ಬೆರಳ ನಡುವೆ ಉಜ್ಜಿ ನೋಡಿದರು. "ಇದಕ್ಕೆ ಹುಡುಗರನ್ನ ಇಳಿಸಬ್ಯಾಡಿ, ಹದ ಬಂದಿಲ್ಲ" ಅಂದರು. "ದಸರಾ ಕುಸ್ತಿಗೆ ಜೋಡಿ ಕಟ್ಟುವ ದಿನ ಹತ್ತಿರ ಬರ್ತಿದೆ ಉಸ್ತಾದ್ರೆ, ಹುಡುಗರು ರೆಡಿಯಾಗಬೇಕು" ಅಂತ ಹೇಳಿ ನಾವು ಅವರ ಮಾತು ಕೇಳಲಿಲ್ಲ.

ಮೊದಲು ಮೊಣಕೈ, ಮಂಡಿ ತರಚಿದವು. ತರಚಿದ ಮೇಲೆ ಮತ್ತೆ ಅದೇ ಮಣ್ಣು. ಕೀವು ಕಟ್ಟಿತು. ಭುಜದ ಗಾಯ ಬಲಿತು ಜ್ವರ ಬಂದ ಹುಡುಗನ ತಾಯಿ ಗರಡಿ ಬಾಗಿಲಿಗೇ ಬಂದು ನಿಂತರು. "ನಿಮ್ಮ ಕಮಾನು ನೀವೇ ಇಟ್ಕೊಳ್ಳಿ" ಅಂದರು. ಮಾರನೇ ದಿನದಿಂದ ಅವರ ಬೀದಿಯ ಹುಡುಗರು ಯಾರೂ ಬರಲಿಲ್ಲ. ಅಗೆಯುವವರು ಕಮ್ಮಿಯಾದಂತೆ ಮಟ್ಟಿ ಗಟ್ಟಿಯಾಯಿತು. ಗಟ್ಟಿಯಾದಂತೆ ಪೆಟ್ಟು ಜಾಸ್ತಿಯಾಯಿತು. ದೀಪಾವಳಿ ಹೊತ್ತಿಗೆ ಬೀಗ ಬಿತ್ತು. ಹಳೇ ಕಟ್ಟಡ ಅಷ್ಟು ವರ್ಷ ಸೋರಿದರೂ ಬೀಗ ಬಿದ್ದಿರಲಿಲ್ಲ.

ಮತ್ತೆ ತೆರೆಸಿದವರು ಉಸ್ತಾದರು. ಹಳ್ಳಕ್ಕೆ ಹಾಕಿದ್ದರಲ್ಲಿ ಮೇಲೆ ಮೇಲೆ ಸಿಕ್ಕಷ್ಟನ್ನು ಬುಟ್ಟಿಯಲ್ಲಿ ವಾಪಸ್ ಹೊರಿಸಿದರು. ಮೈಸೂರಿನಲ್ಲಿ ನಡೆಯುತ್ತಿರುವ ಗರಡಿಯೊಂದರಿಂದ ಸ್ವಲ್ಪ ಮಣ್ಣು ಕೇಳಿ ತಂದರು. ಹಾಲಿಗೆ ಹೆಪ್ಪು ಹಾಕುವ ಹಾಗೆ ಅದನ್ನು ಜರಡಿ ಹಿಡಿದ ಹೊಸ ಮಣ್ಣಿಗೆ ಬೆರೆಸಿದರು. ಹದ ಬರುವವರೆಗೆ ಯಾರೂ ಕುಸ್ತಿ ಹಿಡಿಯುವಂತಿಲ್ಲ. ಡಂಡ, ಬಸ್ಕಿ, ಗದೆ, ಅಗೆತ, ಇಷ್ಟೇ. ಬೇಜಾರಾಗಿ ಕೆಲವರು ಬಿಟ್ಟರು. ಉಳಿದವರು ಇವತ್ತಿಗೂ ಬರುತ್ತಿದ್ದಾರೆ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಚಾವಣಿ ಸೋರಿದರೆ ಹಂಚು ಕೈಯಾಡಿಸಿ. ಬಿರುಕಿಗೆ ಗಾರೆ ಮೆತ್ತಿ. ಅಷ್ಟಕ್ಕೆ ಊರಿನ ಚಂದಾ ಸಾಕು. ದೊಡ್ಡ ಅನುದಾನ ಬಂದರೆ ಅದರ ಜೊತೆ ಗಡುವು ಬರುತ್ತೆ, ಗುತ್ತಿಗೆದಾರ ಬರ್ತಾನೆ, ಅವನಿಗೆ ಮೊದಲು ಅಡ್ಡ ಬರುವುದೇ ಮಟ್ಟಿ. ಗಿಡ್ಡ ಬಾಗಿಲನ್ನೂ ಹಾಗೇ ಬಿಡಿ.

"ಅಳಿದುಹೋದ ಪ್ರಾಚೀನ ಮಲ್ಲಯುದ್ಧವನ್ನು ಉಳಿಸಬೇಕು" ಅಂತಲೂ ಬರೆದಿದ್ದೀರಿ. ಪ್ರಾಚೀನ ಹೌದು. ಕಲ್ಯಾಣದ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲೇ ತನ್ನ ಮಾನಸೋಲ್ಲಾಸ ಗ್ರಂಥದಲ್ಲಿ ಮಲ್ಲರನ್ನು ದರ್ಜೆ ಮಾಡಿ, ಅವರ ಊಟ, ವ್ಯಾಯಾಮದ ಬಗ್ಗೆ ಬರೆದಿದ್ದಾನೆ. 1638ರಲ್ಲಿ ಪಟ್ಟಕ್ಕೆ ಬಂದ ಮೈಸೂರಿನ ಅರಸ ರಣಧೀರ ಕಂಠೀರವ ತಿರುಚಿನಾಪಳ್ಳಿಯ ಜಟ್ಟಿಯನ್ನು ಸೋಲಿಸಿದ ಕಥೆಯನ್ನು ನಮ್ಮ ಉಸ್ತಾದರು ಬಸ್ಕಿ ಹೊಡೆಸುತ್ತಲೇ ಹೇಳುತ್ತಾರೆ. ಆದರೆ ಅಳಿದುಹೋಗಿದೆ ಅಂದರೆ ಒಪ್ಪಲ್ಲ. ವಿಜಯದಶಮಿ ದಿನ ಮೈಸೂರು ಅರಮನೆಯ ಸವಾರಿ ತೊಟ್ಟಿ ಅನ್ನೋ ಅಂಗಳದಲ್ಲಿ ಇವತ್ತಿಗೂ ವಜ್ರಮುಷ್ಟಿ ಕಾಳಗ, ಅಂದ್ರೆ ಮುಷ್ಟಿಗೆ ಆಯುಧ ಹಾಕಿಕೊಂಡು ಆಡುವ ಕಾಳಗ, ನಡೆಯುತ್ತೆ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರದ ಜಟ್ಟಿ ಮನೆತನದವರು ತಲೆ ಬೋಳಿಸಿಕೊಂಡು ಇಳಿಯುತ್ತಾರೆ, ತಲೆಯಿಂದ ರಕ್ತ ಚಿಮ್ಮಿದ ಕೂಡಲೇ ಕಾಳಗ ನಿಲ್ಲುತ್ತೆ. ದಸರಾ ಕುಸ್ತಿಗೆ ದೇವರಾಜ ಅರಸು ಕ್ರೀಡಾಂಗಣದಲ್ಲಿ ಜನ ಸೇರುತ್ತಾರೆ. ಜೋಡಿ ಕಟ್ಟುವ ದಿನ ಒಮ್ಮೆ ಹೋಗಿ. ಹಿರಿಯ ಪೈಲ್ವಾನರು ಇಬ್ಬರು ಹುಡುಗರನ್ನು ಎದುರಾಬದುರಾ ನಿಲ್ಲಿಸಿ, ಕತ್ತು, ತೊಡೆ, ಮುಂಗೈ ನೋಡಿ "ಇದು ಜೋಡಿ ಆಗುತ್ತೆ" ಅಂತಾರೆ. ಆ ಕಣ್ಣು ಇರುವವರು ಇನ್ನೂ ಇದ್ದಾರೆ. ನೀವು ಹುಡುಕಬೇಕಾದದ್ದು ಅವರನ್ನು.

ಇನ್ನು ಮ್ಯಾಟ್. ಪದಕ ಬೇಕು ಅಂದರೆ ಮ್ಯಾಟ್ ಬೇಕು, ಅದರಲ್ಲಿ ಎರಡು ಮಾತಿಲ್ಲ. ಅಲ್ಲಿ ಮೂರು ಮೂರು ನಿಮಿಷದ ಎರಡು ಸುತ್ತು, ಪಾಯಿಂಟು. ನಮ್ಮ ಮಾರ್‌ಫಿಟ್ ಕುಸ್ತಿಯಲ್ಲಿ ಚಿತ್ ಆಗುವವರೆಗೆ, ಅಂದ್ರೆ ಒಬ್ಬನ ಬೆನ್ನು ನೆಲಕ್ಕೆ ತಾಗುವವರೆಗೆ, ಮುಗಿಯಲ್ಲ. ಎರಡಕ್ಕೂ ಬೇರೆ ಬೇರೆ ಉಸಿರು ಬೇಕು. ಆದರೆ ಮಣ್ಣು ತೆಗೆಸಿ ಅದೇ ಜಾಗಕ್ಕೆ ಮ್ಯಾಟ್ ಹಾಕಿಸಬೇಡಿ. ಕೆ. ಡಿ. ಜಾಧವ್ ಮಣ್ಣಿನಲ್ಲಿ ಬೆಳೆದ ಪೈಲ್ವಾನ್. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮ್ಯಾಟ್ ಹೊಸದು, ಆರನೇ ಸ್ಥಾನ ಬಂತು. ಅಭ್ಯಾಸ ಮಾಡಿಕೊಂಡು 1952ರಲ್ಲಿ ಹೆಲ್ಸಿಂಕಿಯಿಂದ ಕಂಚು ತಂದರು. ಸ್ವತಂತ್ರ ಭಾರತಕ್ಕೆ ಅದೇ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ. ನಿಮ್ಮ ಹುಡುಗರಿಗೂ ಮಣ್ಣಿನಲ್ಲಿ ಬುನಾದಿ ಬೀಳಲಿ, ಮ್ಯಾಟ್‌ಗೆ ಶಾಲೆಯ ಹಾಲ್ ಕೇಳಿ ನೋಡಿ.

ಹೆಣ್ಣುಮಕ್ಕಳನ್ನು ಸೇರಿಸಬೇಕಾ ಅಂತಲೂ ಕೇಳಿದ್ದೀರಿ. ಸೇರಿಸಿ. ದಸರಾದಲ್ಲಿ ಹುಡುಗಿಯರ ಕುಸ್ತಿ ನಡೆಯುತ್ತಿದೆ, ಊರಿನ ಗರಡಿ ಮಾತ್ರ ಬಾಗಿಲು ಹಾಕಿಕೊಂಡು ಕೂತರೆ ಹೇಗೆ? ಅವರಿಗೆ ಬೇರೆ ಹೊತ್ತು ಗೊತ್ತು ಮಾಡಿ, ಆದರೆ ಇಳಿಯುವುದು ಅದೇ ಮಟ್ಟಿಗೆ ಆಗಲಿ.

ನಿಮ್ಮ ಅಷ್ಟುದ್ದದ ಪ್ರಶ್ನೆಯಲ್ಲಿ ಉಸ್ತಾದರ ಬಗ್ಗೆ ಒಂದು ಸಾಲೂ ಇಲ್ಲ. ಇದ್ದಾರಾ? ಇದ್ದರೆ ದಿನಾ ಬೆಳಗ್ಗೆ ಬಂದು ಕೂರಲು ಅವರಿಗೆ ಆಗುತ್ತಾ, ಸಂಭಾವನೆ ಎಷ್ಟು ಕೊಡಬಹುದು, ಇದನ್ನು ಮೊದಲು ಮಾತಾಡಿ. ಇಲ್ಲದಿದ್ದರೆ ಮೈಸೂರಿನ ಗರಡಿಗಳಲ್ಲಿ ಕೇಳಿ, ವಾರಕ್ಕೆರಡು ದಿನ ಬರಲು ಒಪ್ಪುವ ಹಿರಿಯ ಪೈಲ್ವಾನ್ ಸಿಗಬಹುದು. ಚಂದಾ ಹಣ ಅವರಿಗೆ, ಮಣ್ಣಿನ ಎಣ್ಣೆ ಅರಿಶಿನಕ್ಕೆ, ಹುಡುಗರ ಹಾಲು ಬಾದಾಮಿಗೆ ಹೋಗಲಿ. ಮಣ್ಣು ಆಗಲೇ ತೆಗೆಸಿದ್ದರೆ ಎಲ್ಲಿ ಸುರಿದಿದ್ದಾರೆ ಅಂತ ಇವತ್ತೇ ವಿಚಾರಿಸಿ, ಮಳೆ ಬಂದು ಕೊಚ್ಚಿಹೋಗುವ ಮುಂಚೆ ಎತ್ತಿಸಿ.