ಆಪರೇಷನ್ ಯಾಕೆ ಯಾವಾಗಲೂ ಹೆಂಗಸರಿಗೇ?

ಪ್ರಶ್ನೆ: ನನಗೆ 26 ವರ್ಷ. ಎರಡನೇ ಹೆರಿಗೆ ಹತ್ತಿರ ಬಂದಿದೆ. ಆಶಾ ಅಕ್ಕ ‘ಹೆರಿಗೆ ಆದ ಕೂಡಲೇ ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸ್ಕೊಂಡ್ಬಿಡು’ ಅಂತಾರೆ. ನನ್ನ ಗಂಡ ‘ನಾನೇ ಮಾಡಿಸ್ಕೋತೀನಿ’ ಅಂದರೆ ಅತ್ತೆ ಊಟ ಬಿಟ್ಟು ಕೂತರು. 1975-77ರ ಎಮರ್ಜೆನ್ಸಿ ಕಾಲದಲ್ಲಿ ಗಂಡಸರನ್ನು ಹಿಡಿದುಕೊಂಡು ಹೋಗಿ ಮಾಡಿದ್ದರಂತೆ, ಆಮೇಲೆ ಅವರಿಗೆ ದುಡಿಯೋ ಶಕ್ತಿಯೇ ಹೋಯಿತಂತೆ. ನಿಜವಾ?
– ಓದುಗರು, ಹಾವೇರಿ ಜಿಲ್ಲೆ

ಉತ್ತರ: ಅರ್ಧ ನಿಜ ಅಮ್ಮ. ಹಿಡಿದುಕೊಂಡು ಹೋಗಿದ್ದು ನಿಜ, ಶಕ್ತಿ ಹೋಗುತ್ತೆ ಅನ್ನೋದು ಸುಳ್ಳು.

1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ ಸುಮಾರು 83 ಲಕ್ಷ ಸಂತಾನಹರಣ ಆಪರೇಷನ್ ಆದವು, ಅದರಲ್ಲಿ 62 ಲಕ್ಷದಷ್ಟು ಗಂಡಸರದು. ಅತಿರೇಕ ಜಾಸ್ತಿ ಆದದ್ದು ಉತ್ತರದ ರಾಜ್ಯಗಳಲ್ಲಿ, ಆದರೆ ಟಾರ್ಗೆಟ್ ನಮ್ಮಲ್ಲೂ ಇತ್ತು. ಆಪರೇಷನ್‌ಗೆ ಇಷ್ಟು ‘ಕೇಸ್’ ತರದಿದ್ದರೆ ಸಂಬಳ ಇಲ್ಲ ಅಂತ ಮೇಷ್ಟ್ರುಗಳಿಗೆ ಹೇಳಿದರೆ ಅವರು ತಾನೇ ಎಲ್ಲಿಂದ ತರ್ತಾರೆ? ಹರಿಯಾಣದ ಉಟಾವರ್ ಅನ್ನೋ ಊರನ್ನು ರಾತ್ರಿ ಪೊಲೀಸರು ಸುತ್ತುವರಿದು ಗಂಡಸರನ್ನು ಎಳೆದುಕೊಂಡು ಹೋದರು. ಈ ಆಪರೇಷನ್‌ಗಳಿಂದ ಸತ್ತವರು 1,774 ಮಂದಿ ಅಂತ ಆಮೇಲೆ ಎಮರ್ಜೆನ್ಸಿಯ ಅತಿರೇಕಗಳ ತನಿಖೆ ಮಾಡಿದ ಷಾ ಆಯೋಗದ ಲೆಕ್ಕಕ್ಕೆ ಸಿಕ್ಕಿತು. ಹಾಗಾಗಿ ನಿಮ್ಮ ಅತ್ತೆಯ ಹೆದರಿಕೆಯನ್ನು ಸುಮ್ನೆ ಮೂಢನಂಬಿಕೆ ಅಂತ ತಳ್ಳಿಹಾಕಬೇಡಿ.

1977ರಲ್ಲಿ ಸರ್ಕಾರವೇ ಬಿತ್ತು. ‘ಕುಟುಂಬ ಯೋಜನೆ’ ಹೋಗಿ ‘ಕುಟುಂಬ ಕಲ್ಯಾಣ’ ಅಂತ ಹೆಸರಾಯಿತು, ಗಂಡಸರ ತಂಟೆಗೆ ಹೋಗುವ ಧೈರ್ಯ ಮತ್ತೆ ಯಾವ ಪಕ್ಷಕ್ಕೂ ಬರಲಿಲ್ಲ. ಆದರೆ ಟಾರ್ಗೆಟ್ ಎಲ್ಲಿಗೂ ಹೋಗಲಿಲ್ಲ ನೋಡಿ, 1996ರವರೆಗೂ ಇತ್ತು. ಅದನ್ನು ತುಂಬಿಸಿದ್ದು ಹೆಂಗಸರು. ಹೆರಿಗೆಗೆ ಹೇಗೂ ಆಸ್ಪತ್ರೆಗೆ ಬರ್ತಾರೆ, ಎದುರು ಮಾತಾಡಲ್ಲ, ಗಲಾಟೆ ಮಾಡಲ್ಲ, ಇನ್ನೇನು ಬೇಕು? 2014ರಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರದ ಹತ್ತಿರ ಒಂದು ಆಪರೇಷನ್ ಕ್ಯಾಂಪ್‌ನಲ್ಲಿ ಕೆಲವೇ ಗಂಟೆಯಲ್ಲಿ 83 ಹೆಂಗಸರಿಗೆ ಆಪರೇಷನ್ ಮಾಡಿ ಹತ್ತಕ್ಕೂ ಹೆಚ್ಚು ಜನ ತೀರಿಕೊಂಡ ಮೇಲೆ, 2016ರಲ್ಲಿ ಸುಪ್ರೀಂ ಕೋರ್ಟ್ ಇಂಥ ಕ್ಯಾಂಪ್‌ಗಳನ್ನೇ ನಿಲ್ಲಿಸಿ ಅಂತ ಹೇಳಬೇಕಾಯಿತು. ಕರ್ನಾಟಕದಲ್ಲಿ 2019-21ರ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ಆಪರೇಷನ್ ಆಗಿದೆ. ಗಂಡಸರದು ಸೊನ್ನೆಯ ಹತ್ತಿರ. ಜನಸಂಖ್ಯೆ ಇಳಿಯಿತು ಅಂತ ಬೆನ್ನು ತಟ್ಟಿಕೊಳ್ಳುವವರು ಈ ಲೆಕ್ಕ ಹೇಳುವುದೇ ಇಲ್ಲ.

ಈಗ ನಿಮ್ಮ ವಿಷಯ. ಆಶಾ ಅಕ್ಕ ಸಲಹೆ ಕೊಡಬಹುದು, ಬಲವಂತ ಮಾಡುವ ಹಾಗಿಲ್ಲ. ಹೆರಿಗೆ ನೋವಿನ ನಡುವೆ ಫಾರಂ ಮುಂದಿಟ್ಟರೆ ಸಹಿ ಹಾಕಬೇಡಿ, ‘ಆಮೇಲೆ ಹೇಳ್ತೀನಿ’ ಅನ್ನಿ. ಗಂಡಸರ ಆಪರೇಷನ್ ಈಗ ಹೊಲಿಗೆ ಇಲ್ಲದೆ ಆಗುತ್ತೆ: ಆ ಜಾಗಕ್ಕಷ್ಟೇ ಮರಗಟ್ಟುವ ಇಂಜೆಕ್ಷನ್, ಇಪ್ಪತ್ತು ನಿಮಿಷದ ಕೆಲಸ, ಅವತ್ತೇ ಮನೆಗೆ. ವೀರ್ಯದಲ್ಲಿ ವೀರ್ಯಾಣು ಬರುವುದು ಮಾತ್ರ ನಿಲ್ಲುತ್ತೆ, ಹಾರ್ಮೋನು ಹಾಗೇ ಇರುತ್ತೆ, ಆಸೆಯೂ ಶಕ್ತಿಯೂ ಕಮ್ಮಿ ಆಗಲ್ಲ. ಒಂದು ವಾರ ಭಾರ ಎತ್ತುವುದು ಬೇಡ, ಅಷ್ಟೇ. ಅತ್ತೆಗೆ ನೀವು ಹೇಳುವುದಕ್ಕಿಂತ ಮಗನೇ ಹೇಳಿದರೆ ವಾಸಿ.

ಒಂದನ್ನು ಮಾತ್ರ ಮರೆಯಬೇಡಿ, ಜಾಸ್ತಿ ಜನ ಎಡವುವುದು ಇಲ್ಲೇ. ಗಂಡಸರ ಆಪರೇಷನ್ ಆದ ದಿನದಿಂದಲೇ ಅದು ಕೆಲಸ ಮಾಡಲ್ಲ. ಮೂರು ತಿಂಗಳು ಕಾಂಡೋಮ್ ಬಳಸಲೇಬೇಕು, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಿ ಡಾಕ್ಟರ್ ಸರಿ ಅಂದ ಮೇಲಷ್ಟೇ ಬಿಡಬೇಕು.