ಟ್ರೋಪೋಪಾಸ್ ಯಾಕೆ ಒಂದರಲ್ಲಿ ಚೂಪು, ಇನ್ನೊಂದರಲ್ಲಿ ಮೊಂಡು?

ಉಪಗ್ರಹದ ಮೈಕ್ರೋವೇವ್ ಉಪಕರಣದ ಡೇಟಾದಲ್ಲಿ ಟ್ರೋಪೋಪಾಸ್ (ಮೇಲೇರಿದಂತೆ ತಣ್ಣಗಾಗುವ ಗಾಳಿ ಮತ್ತೆ ಬೆಚ್ಚಗಾಗತೊಡಗುವ ಗಡಿ) ಮೊಂಡಾಗಿ, ಜಿಪಿಎಸ್ ರೇಡಿಯೋ ಅಕಲ್ಟೇಶನ್‌ನಲ್ಲಿ ಚೂಪಾಗಿ ಕಾಣುತ್ತದೆ, ಯಾವುದನ್ನು ನಂಬಲಿ ಎಂದು ಕೇಳಿದ್ದೀರಿ. ಈ ವಿಷಯಕ್ಕೆ ಎರಡನೆಯದನ್ನೇ ನಂಬಿ. ಮೈಕ್ರೋವೇವ್‌ನ ಒಂದೊಂದು ಚಾನೆಲ್ (ಅಳೆಯುವ ಆವರ್ತನ ಪಟ್ಟಿ) ಹಲವು ಕಿಲೋಮೀಟರ್ ದಪ್ಪದ ಗಾಳಿಯ ಸರಾಸರಿ ಕೊಡುತ್ತದೆ. ಉಷ್ಣವಲಯದಲ್ಲಿ ಸುಮಾರು 17 ಕಿ.ಮೀ. ಎತ್ತರದಲ್ಲಿ ಮೈನಸ್ 80 ಡಿಗ್ರಿ ಹತ್ತಿರ ಇಳಿದು, ತಟ್ಟನೆ ಮೇಲೇರುವ ಆ ತಿರುವು ಸರಾಸರಿಯಲ್ಲಿ ಕರಗಿಹೋಗುತ್ತದೆ.

ಅಕಲ್ಟೇಶನ್ ಅಳೆಯುವುದೇ ಬೇರೆ. ವಾತಾವರಣದ ಅಂಚನ್ನು ಹಾದುಬರುವ ಜಿಪಿಎಸ್ ಸಿಗ್ನಲ್ ಎಷ್ಟು ಬಾಗಿತು ಅನ್ನುವುದನ್ನು. ಬಾಗಿದ್ದರಿಂದ ಸಾಂದ್ರತೆ, ಅದರಿಂದ ತಾಪಮಾನ. ನೀರಾವಿಯೂ ಸಿಗ್ನಲ್ ಬಾಗಿಸುತ್ತದೆ, ಆದರೆ ಅಷ್ಟು ಮೇಲೆ ಅದು ತೀರಾ ಕಡಿಮೆ ಅಲ್ವಾ, ಹಾಗಾಗಿ ಲೆಕ್ಕ ಕೆಡುವುದಿಲ್ಲ. 1 ಕಿ.ಮೀ.ಗಿಂತ ತೆಳುವಾದ ಪದರವೂ ಸಿಗುತ್ತದೆ. ಅಕಲ್ಟೇಶನ್ ಅಳತೆಗಾಗಿ 2006ರಲ್ಲಿ ಹಾರಿದ ಕಾಸ್ಮಿಕ್‌ನ 6 ಉಪಗ್ರಹಗಳ ಡೇಟಾದಿಂದ ಶುರುಮಾಡಿ, ತುಂಬಾ ಚೆನ್ನಾಗಿದೆ. ಆದರೆ ಅಡ್ಡಡ್ಡವಾಗಿ ಇದೂ ಸುಮಾರು 200–300 ಕಿ.ಮೀ. ಸರಾಸರಿಯೇ. ಒಂದೇ ಮೋಡದ ನೆತ್ತಿಯ ತಾಪಮಾನವನ್ನು ಇದರಲ್ಲಿ ಹುಡುಕಬೇಡಿ.