ವೈಷ್ಣೋದೇವಿ ನಾಣ್ಯಕ್ಕೆ ಲಕ್ಷ ಬರುತ್ತಾ?

ಒಂದು ತಿಂಗಳು ಚಿಲ್ಲರೆ ಜಾಲಾಡಿದರೂ 2012ರ ವೈಷ್ಣೋದೇವಿ 5 ರೂಪಾಯಿ ಬಿಟ್ಟು ಏನೂ ಸಿಗಲಿಲ್ಲ, ಅದಕ್ಕೆ ಲಕ್ಷ ಕೊಡ್ತಾರಂತೆ ನಿಜವಾ ಅಂತ ಕೇಳಿದ್ದೀರಿ. ಇಲ್ಲ ಸರ್. ಅದು ಕೈಯಿಂದ ಕೈಗೆ ಓಡಾಡುವ ನಾಣ್ಯ. ಲಕ್ಷ ಕೊಡ್ತೀವಿ, ಮೊದಲು ಫೀಸ್ ಕಟ್ಟಿ ಅಂದರೆ ಫೋನ್ ಇಟ್ಟುಬಿಡಿ. ತನ್ನ ಹೆಸರಲ್ಲೇ ಇಂಥ ಮೋಸ ನಡೀತಿದೆ ಅಂತ ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ.

ನಾಣ್ಯ ಯಾವ ಟಂಕಸಾಲೆಯಲ್ಲಿ, ಅಂದರೆ ನಾಣ್ಯ ಅಚ್ಚು ಹಾಕುವ ಕಾರ್ಖಾನೆಯಲ್ಲಿ, ತಯಾರಾಯ್ತು ಅಂತ ತಿಳಿಯೋಕೆ ಇಸವಿಯ ಕೆಳಗೆ ನೋಡಿ. ಚುಕ್ಕಿ ಇದ್ದರೆ ನೋಯ್ಡಾ, ನಕ್ಷತ್ರ ಹೈದರಾಬಾದ್, ವಜ್ರದಾಕಾರ ಮುಂಬೈ, ಏನೂ ಇಲ್ಲದಿದ್ದರೆ ಕೋಲ್ಕತ್ತಾ. ಒಂದೇ ಇಸವಿಗೆ ನಾಲ್ಕೂ ಟಂಕಸಾಲೆಯದ್ದು ಜೋಡಿಸೋದೇ ಮಜಾ. ಆದರೆ ಕಾಟವೂ ಅಲ್ಲೇ: ಸವೆದ ನಾಣ್ಯದಲ್ಲಿ ಚುಕ್ಕಿಯೋ ಕೊಳೆಯೋ ಗೊತ್ತಾಗಲ್ಲ. ನಾನು ಎರಡು ವಾರ ನೋಯ್ಡಾದ್ದು ಅಂತ ಇಟ್ಟುಕೊಂಡಿದ್ದೆ, ಉಗುರಲ್ಲಿ ಕೆರೆದರೆ ಚುಕ್ಕಿ ಉದುರಿಹೋಯ್ತು!

ಹುಣಸೆಹಣ್ಣು ಹಾಕಿ ಮಾತ್ರ ಉಜ್ಜಬೇಡಿ. ಹೊಳಪು ಬರುತ್ತೆ, ಬೆಲೆ ಹೋಗುತ್ತೆ. ಈಗ ಎಲ್ಲರೂ ಸ್ಕ್ಯಾನ್ ಮಾಡ್ತಾರೆ, ಚಿಲ್ಲರೆ ಸಿಗೋದೇ ಕಷ್ಟ ಅಲ್ವಾ? ಬಸ್ ಕಂಡಕ್ಟರ್ ಹತ್ತಿರ 100 ರೂಪಾಯಿಗೆ ನಾಣ್ಯ ಕೇಳಿ. ಸುಮ್ನೆ ಕೊಡ್ತಾರೆ, ಅವರಿಗೂ ಚೀಲದ ಭಾರ ಇಳಿಯುತ್ತೆ.